ಗಡಸು, ಪೆಡಸು ಮತ್ತು ಎರಡು ಗಾಜಿನ ಆನೆಗಳು

ಕಳೆದ ಡಿಸೆಂಬರಿನ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ನಮ್ಮ ನಡುಮನೆಯ ಗೂಡಿನಲ್ಲಿ ‘ಟಿಣ್’ ಎಂದು ಸಣ್ಣ ಸದ್ದಾಯಿತು. ಬೆಕ್ಕು ಏನನ್ನೋ ಉರುಳಿಸಿರಬೇಕೆಂದು ಎದ್ದು ದೀಪ ಹಾಕಿ ನೋಡಿದರೆ, ಮೂರು ವಾರಗಳ ಹಿಂದೆ ಜಾತ್ರೆಯಿಂದ ಜೋಡಿಯಾಗಿ ತಂದಿಟ್ಟಿದ್ದ ಗಾಜಿನ ಆನೆಗಳಲ್ಲಿ ಒಂದರ ಸೊಂಡಿಲು ಬುಡದಿಂದ ಕಳಚಿ ಅದರ ಕಾಲ ಬಳಿಯೇ ಬಿದ್ದಿತ್ತು. ಕಿಟಕಿ ಹಾಕಿತ್ತು, ಬೆಕ್ಕು ಹೊರಗಿತ್ತು, ಆನೆ ಇಟ್ಟ ಜಾಗದಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಅದನ್ನು ದೃಷ್ಟಿ ತಾಗಿದ್ದೆಂದು ತೀರ್ಮಾನಿಸಿದಳು. ನಾನು ವಾದಿಸಲಿಲ್ಲ. ಆದರೆ ಆ ಸದ್ದು ಯಾವುದೆಂಬುದು ನನಗೆ ಗೊತ್ತಿತ್ತು, ಏಕೆಂದರೆ ಅದನ್ನು ನಾನು ಹಿಂದೊಮ್ಮೆ ಉಕ್ಕಿನಿಂದ ಕೇಳಿದ್ದೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಲೋಹವನ್ನು ಕಾಯಿಸಿ ತಣಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಒಂದು ಶನಿವಾರದ ಸಂಜೆ, ಓಎಚ್‌ಎನ್‌ಎಸ್ (ಆಯಿಲ್ ಹಾರ್ಡನಿಂಗ್ ನಾನ್ ಶ್ರಿಂಕಿಂಗ್) ಉಕ್ಕಿನ ಹನ್ನೆರಡು ಡೈ (ಅಚ್ಚು) ಬ್ಲಾಕುಗಳನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಗೆ ಬಿಟ್ಟೆ. ಹೆಸರಿನಲ್ಲೇ ಇರುವಂತೆ ಅದು ಎಣ್ಣೆಯಲ್ಲಿ ಗಡಸಾಗುವ, ಹೆಚ್ಚು ಕುಗ್ಗದ ಉಕ್ಕು. ಅದರಲ್ಲಿ ಶೇಕಡಾ 0.9ರಷ್ಟು ಇಂಗಾಲವಿರುತ್ತದೆ. ಎತ್ತಿ ಒರೆಸಿ, ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರದ ಮೇಲೆ ಇಟ್ಟಾಗ 64 ತೋರಿಸಿತು, ಅಂದರೆ ಗಡಸುತನದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮುಂದಿನ ಹೆಜ್ಜೆ ಟೆಂಪರಿಂಗ್, ಅಂದರೆ ಅದೇ ಬ್ಲಾಕುಗಳನ್ನು ಇನ್ನೊಂದು ಫರ್ನೇಸಿನಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಎರಡು ಗಂಟೆ ಇಡುವುದು. ಆ ಹೊತ್ತಿಗೆ ಕರೆಂಟು ಹೋಯಿತು. ಎಂಟು ಗಂಟೆಯವರೆಗೆ ಕಾದು, ಸೋಮವಾರ ಮಾಡಿದರಾಯಿತೆಂದು ಬ್ಲಾಕುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟು, ಬೀಗ ಹಾಕಿ ಮನೆಗೆ ಹೋದೆ. ನಿರ್ಧಾರ ನನ್ನದೇ ಆಗಿತ್ತು. ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಗ ತೆಗೆದು ನಾನು ತಟ್ಟೆಯ ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗಲೇ ‘ಟಿಣ್’ ಎಂದಿತು. ನೋಡಿದರೆ ಒಂದು ಬ್ಲಾಕಿನ ತೂತಿನಿಂದ ಅಂಚಿನವರೆಗೆ ಕೂದಲಿನಂಥ ಗೆರೆ ಮೂಡಿತ್ತು. ನಮ್ಮ ಹಿರಿಯ ಮೇಸ್ತ್ರಿಗಳು ಬಂದು ಏನೂ ಮಾತನಾಡದೆ ಉಳಿದ ಹನ್ನೊಂದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲನೆ ಒಸರಿ ಬಿಳಿಯ ಮೇಲೆ ಗೆರೆ ಬರೆಯುತ್ತದೆ. (ಎರಡು ‘ಸೀಮೆ’ಗಳನ್ನು ಸೇರಿಸಿ ಮಾಡುವ ಈ ಅಗ್ಗದ ಪರೀಕ್ಷೆಯನ್ನು ಮೀರಿಸುವ ದ್ರಾವಣಗಳು ಡಬ್ಬಿಗಳಲ್ಲಿ ಬಂದ ಮೇಲೂ ನಾನು ಇದನ್ನು ಬಿಟ್ಟಿರಲಿಲ್ಲ.) ಹನ್ನೊಂದರಲ್ಲಿ ಇನ್ನೂ ನಾಲ್ಕು ಬ್ಲಾಕುಗಳ ಮೇಲೆ ಗೆರೆ ಬಂತು, ಎಲ್ಲವೂ ಚೂಪು ಮೂಲೆಯಿಂದ ಅಥವಾ ಅಂಚಿಗೆ ಹತ್ತಿರದ ತೂತಿನಿಂದ ಹೊರಟವು. “ಎಣ್ಣೆಯಿಂದ ಎತ್ತಿದ್ದು ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಿರುವಾಗಲೇ ಟೆಂಪರಿಂಗ್‌ಗೆ ಹೋಗಬೇಕಿತ್ತಪ್ಪ,” ಎಂದಷ್ಟೇ ಅವರು ಹೇಳಿದರು.

ಕನ್ನಡದಲ್ಲಿ ಗಡಸು ಎಂಬ ಮಾತಿದೆ, ಪೆಡಸು ಎಂಬ ಮಾತೂ ಇದೆ. ಪ್ರಾಸ ಒಂದೇ ಆದುದರಿಂದಲೋ ಏನೋ ಜನ ಒಂದರ ಬದಲು ಇನ್ನೊಂದನ್ನು ಬಳಸುತ್ತಾರೆ. ಪಠ್ಯಪುಸ್ತಕಗಳು ಎರಡನೆಯದಕ್ಕೆ ಭಿದುರತೆ ಎನ್ನುತ್ತವೆ. ನನಗೆ ಪೆಡಸೇ ಇಷ್ಟ, ಏಕೆಂದರೆ ಮುರಿಯುವ ಮುನ್ನ ಬಾಗಲೊಲ್ಲದ ವಸ್ತುವಿನ ಸ್ವಭಾವ ಆ ಮಾತಿನ ಉಚ್ಚಾರದಲ್ಲೇ ಇದೆ. ಗಡಸು ಎಂದರೆ ಗೀರು ಬೀಳದಿರುವುದು, ತಗ್ಗು ಬೀಳದಿರುವುದು. ಪೆಡಸು ಎಂದರೆ ಪೆಟ್ಟನ್ನು ಬಾಗಿ ತಾಳಿಕೊಳ್ಳಲಾಗದೆ ಒಮ್ಮೆಗೇ ಸೀಳುವುದು. ಕಾಯಿಸಿ ಅದ್ದಿದ ಉಕ್ಕಿನಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ಮತ್ತು ಅಳೆಯುವ ಯಂತ್ರ ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಶನಿವಾರ ಸಂಜೆ ನಾನು ನೋಡಿ ಸಮಾಧಾನಪಟ್ಟುಕೊಂಡ 64 ಎಂಬ ಅಂಕಿಯಲ್ಲಿ ಸೋಮವಾರದ ಬಿರುಕಿನ ಸುಳಿವೇ ಇರಲಿಲ್ಲ.

ಒಳಗೆ ಆಗುವುದು ಇಷ್ಟು. ಕೆಂಪಗೆ ಕಾದ ಉಕ್ಕಿನಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆ ಇಂಗಾಲಕ್ಕೆ ಧಾರಾಳವಾಗಿ ಜಾಗ ಕೊಡುತ್ತದೆ. ಆರಾಮವಾಗಿ ತಣಿಯಲು ಬಿಟ್ಟರೆ ಜೋಡಣೆ ಬದಲಾಗುವಾಗ ಇಂಗಾಲ ಹೊರಬಂದು, ಕಬ್ಬಿಣದ ನಡುವೆ ತೆಳ್ಳನೆಯ ಪದರಗಳಾಗಿ ನೆಲೆಸುತ್ತದೆ, ಉಕ್ಕು ಮೆತ್ತಗಾಗುತ್ತದೆ. ನೀರಿಗೋ ಎಣ್ಣೆಗೋ ಅದ್ದಿದರೆ ಹೊರಬರಲು ಪುರಸೊತ್ತಿಲ್ಲದೆ ಇಂಗಾಲ ಅಲ್ಲಲ್ಲೇ ಸಿಕ್ಕಿಬೀಳುತ್ತದೆ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಜೋಡಣೆ ಒಂದು ದಿಕ್ಕಿಗೆ ಜಗ್ಗಿ ನಿಲ್ಲುತ್ತದೆ. ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನಿಂದ ಈ ರಚನೆಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಇದು ತಾನು ಹುಟ್ಟಿದ ರಚನೆಗಿಂತ ಸುಮಾರು ಶೇಕಡಾ 4ರಷ್ಟು ಹೆಚ್ಚು ಜಾಗ ಬೇಡುತ್ತದೆ, ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಗುವುದು. ಬ್ಲಾಕಿನ ಹೊರಮೈ ಮೊದಲು ತಣಿದು ಉಬ್ಬಿ ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಉಬ್ಬಲು ಹೊರಟಾಗ, ಆಗಲೇ ಪೆಡಸಾಗಿರುವ ಹೊರಮೈಯನ್ನು ಒಳಗಿನಿಂದ ದೂಡುತ್ತದೆ. ಹೊರಮೈ ಜಗ್ಗಿಸಿಕೊಂಡೇ ಕೂರುತ್ತದೆ. ಎಣ್ಣೆಯಿಂದ ಎತ್ತಿದ ಮೇಲೂ ಬದಲಾಗದೆ ಉಳಿದಿದ್ದ ಹಳೆಯ ರಚನೆ ರಾತ್ರಿಯ ಚಳಿಗೆ ಸ್ವಲ್ಪ ಸ್ವಲ್ಪವೇ ಮಾರ್ಟೆನ್‌ಸೈಟಾಗುತ್ತ ಜಗ್ಗಾಟವನ್ನು ಹೆಚ್ಚಿಸುತ್ತದೆ. ನನ್ನ ಬ್ಲಾಕುಗಳು ಭಾನುವಾರವಿಡೀ ಮಾಡಿದ್ದು ಇದನ್ನೇ ಇರಬೇಕು. ಟೆಂಪರಿಂಗ್‌ನ ಮಂದ ಕಾವು ಸಿಕ್ಕಿಬಿದ್ದ ಇಂಗಾಲದ ಒಂದು ಪಾಲಿಗೆ ಅಲ್ಲಲ್ಲೇ ಸೂಕ್ಷ್ಮ ಕಣಗಳಾಗಿ ಹೊರಬರಲು ಅವಕಾಶ ಕೊಡುತ್ತದೆ, ಜಗ್ಗಾಟ ಸಡಿಲಿಸುತ್ತದೆ, ಗಡಸುತನದಲ್ಲಿ ಮೂರು ನಾಲ್ಕು ಅಂಕ ಮಾತ್ರ ಕಳೆಯುತ್ತದೆ.

ಇದನ್ನೆಲ್ಲ ಕಲಿಯುವುದಕ್ಕೆ ಬಹಳ ಮೊದಲೇ ಟೆಂಪರಿಂಗನ್ನು ನಾನು ಕಣ್ಣಾರೆ ನೋಡಿದ್ದೆ, ಅದಕ್ಕೆ ಆ ಹೆಸರಿದೆಯೆಂದು ತಿಳಿದಿರಲಿಲ್ಲ ಅಷ್ಟೆ. ಮಲೆನಾಡಿನ ನಮ್ಮ ಊರಿನ ಕುಲುಮೆಯಲ್ಲಿ ಆಚಾರ್ರು ಲಾರಿಯ ಕಮಾನುಪಟ್ಟಿಯ ತುಂಡಿನಿಂದ ಕತ್ತಿ ಮಾಡುತ್ತಿದ್ದರು. ರಜೆಯ ದಿನಗಳಲ್ಲಿ ತಿದಿ ಒತ್ತುವ ಕೆಲಸ ನನ್ನದಾಗಿರುತ್ತಿತ್ತು. ಬಡಿದು ರೂಪ ಕೊಟ್ಟ ಕತ್ತಿಯನ್ನು ಅವರು ಕೊನೆಗೊಮ್ಮೆ ಕೆಂಪಗೆ ಕಾಯಿಸಿ, ಬಾಯನ್ನು ಮಾತ್ರ ಎರಡು ಬೆರಳು ಆಳಕ್ಕೆ ನೀರಿನಲ್ಲಿ ಹಿಡಿಯುತ್ತಿದ್ದರು, ಬೆನ್ನು ನೀರಿನ ಮೇಲೆ ಇನ್ನೂ ಮಸುಕು ಕೆಂಪಾಗಿಯೇ ಇರುತ್ತಿತ್ತು. ಥಟ್ಟನೆ ತೆಗೆದು, ಬಾಯ ಮೇಲಿನ ಕಪ್ಪು ಹೊಪ್ಪಳೆಯನ್ನು ಒಂದು ಒರಟು ಕಲ್ಲಿನಿಂದ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು ಸುಮ್ಮನೆ ನೋಡುತ್ತ ಕೂರುತ್ತಿದ್ದರು. ಬೆನ್ನಿನ ಬಿಸಿ ಬಾಯ ಕಡೆಗೆ ಹರಿಯುತ್ತಿದ್ದಂತೆ ಉಜ್ಜಿದ ಜಾಗದಲ್ಲಿ ಬಣ್ಣಗಳು ಸಾಲಾಗಿ ನಡೆದು ಬರುತ್ತಿದ್ದವು: ಮುಂದೆ ಒಣಹುಲ್ಲಿನ ತಿಳಿ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. “ಹುಲ್ಲಿನ ಬಣ್ಣ ಬಂತು ನೋಡು ತಮ್ಮಾ,” ಎಂದು ಹೇಳಿ ಕಂದು ಬಣ್ಣ ಬಾಯಿಗೆ ಮುಟ್ಟುವ ಹೊತ್ತಿಗೆ ಇಡೀ ಕತ್ತಿಯನ್ನು ನೀರಿಗೆ ಹಾಕುತ್ತಿದ್ದರು.

ಆ ಬಣ್ಣಗಳು ಉಕ್ಕಿನ ಮೇಲೆ ಬೆಳೆಯುವ ತೆಳುವಾದ ಆಕ್ಸೈಡ್ ಪೊರೆಯ ದಪ್ಪವನ್ನು ಹೇಳುತ್ತವೆ. ಒಣಹುಲ್ಲಿನ ಬಣ್ಣಕ್ಕೆ 220 ಡಿಗ್ರಿಯ ಆಸುಪಾಸು, ಕಂದಿಗೆ 255, ನೇರಳೆಗೆ 280, ನೀಲಿಗೆ 300 ಡಿಗ್ರಿಯ ಹತ್ತಿರ. ಕ್ಷೌರದ ಕತ್ತಿಗೆ ಹಳದಿ ಸಾಕು, ಮರ ಕಡಿಯುವುದಕ್ಕೆ ಕಂದು, ನೇರಳೆ ಬೇಕು, ಸ್ಪ್ರಿಂಗಿಗೆ ನೀಲಿ. ಒಂದೇ ಕಾಯಿಕೆಯಲ್ಲಿ ಗಡಸು ಕೊಡುವುದೂ ಪೆಡಸು ತೆಗೆಯುವುದೂ ಮುಗಿಯುವ, ಬೆನ್ನು ಮೆತ್ತಗೂ ಬಾಯಿ ಗಡಸಾಗಿಯೂ ಉಳಿಯುವ ಈ ವಿಧಾನದ ಬದಲಿಗೆ ನಮ್ಮ ಕಾರ್ಖಾನೆಯಲ್ಲಿ ಎರಡು ಫರ್ನೇಸು, ಕಾವು ಅಳೆಯುವ ಎರಡು ಥರ್ಮೋಕಪಲ್, ಒಂದು ಪಾಳಿ ಬೇಕಾಗುತ್ತಿತ್ತು. ಆಚಾರ್ರು ಕರೆಂಟು ಹೋದರೆ ಸೋಮವಾರಕ್ಕೆ ಕಾಯಬೇಕಿರಲಿಲ್ಲ. ಒಮ್ಮೆ ಮಾತ್ರ, ಊರಿನವರೊಬ್ಬರು ಹಳೆಯ ಅರವನ್ನು ಹಾಗೆಯೇ ಮಸೆದು ಕತ್ತಿ ಮಾಡಿಕೊಂಡು ಬಂದು, ಹಿಡಿ ಹಾಕಿಕೊಡಿ ಎಂದಾಗ, ಅವರು ಅದನ್ನು ಅಡಿಗಲ್ಲಿನ ಅಂಚಿಗೆ ಮೆಲ್ಲನೆ ಬಡಿದರು. ಅದು ಬಿಸ್ಕತ್ತಿನಂತೆ ಎರಡಾಯಿತು. ಅರ ಉಕ್ಕನ್ನೇ ಉಜ್ಜಬೇಕಾದ್ದರಿಂದ ಅದನ್ನು ಅತಿ ಗಡಸಾಗಿಯೇ ಬಿಟ್ಟಿರುತ್ತಾರೆ. ಪೆಟ್ಟು ತಿನ್ನುವುದು ಅದರ ಕೆಲಸವಲ್ಲ. ಬಂದವರಿಗೆ ವಿಪರೀತ ಸಿಟ್ಟು ಬಂತು. ನನಗೆ ಇವತ್ತಿಗೂ ಆಚಾರ್ರು ಅದನ್ನು ಬಡಿದು ತೋರಿಸುವ ಬದಲು ಬಾಯಲ್ಲೇ ಹೇಳಬಹುದಿತ್ತು ಅನ್ನಿಸುತ್ತದೆ.

ಉಕ್ಕು ಎಂಬ ಮಾತು ಬಂದಾಗ ಒಂದು ಹಳೆಯ ಕಥೆಯನ್ನು ಬಿಡಲಾಗದು. ಈ ಮಾತಿನಿಂದಲೇ ಬಂದದ್ದೆಂದು ಹೇಳಲಾಗುವ ‘ವೂಟ್ಸ್’ ಎಂಬ ಹೆಸರಿನಲ್ಲಿ ದಕ್ಷಿಣ ಭಾರತದ ಮೂಸೆಯುಕ್ಕಿನ ಗಟ್ಟಿಗಳು 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿಗೆ ಹೋದವು, 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದರು, ಮುಂದೆ ಮೈಕೆಲ್ ಫ್ಯಾರಡೆಯೂ ಅವನ್ನು ಪರೀಕ್ಷಿಸಿದರು. ಕಡಿಮೆ ಇಂಗಾಲದ ಕಬ್ಬಿಣವನ್ನು ಬೆಳ್ಳಗಾಗುವಷ್ಟು ಕಾಯಿಸಿ ಬಡಿದು ರೂಢಿಯಿದ್ದ ಯೂರೋಪಿನ ಕಮ್ಮಾರರು ಇದನ್ನೂ ಹಾಗೆಯೇ ಕಾಯಿಸಿದಾಗ ಗಟ್ಟಿ ಸುತ್ತಿಗೆಯಡಿಯಲ್ಲಿ ಪುಡಿಯಾಯಿತು. ಶೇಕಡಾ 1.5ರಷ್ಟು ಇಂಗಾಲವಿರುವ ಉಕ್ಕಿಗೆ ಅಷ್ಟು ಕಾವು ಕೊಟ್ಟರೆ ಹರಳುಗಳ ನಡುವಿನ ಅಂಚುಗಳೇ ಕರಗಲಾರಂಭಿಸುತ್ತವೆ. ಅದನ್ನು ಚೆರ್ರಿ ಹಣ್ಣಿನ ಕೆಂಪಿಗಿಂತ ಮೇಲೆ ಹೋಗದಂತೆ, ತಾಳ್ಮೆಯಿಂದ, ಸಣ್ಣ ಪೆಟ್ಟುಗಳಲ್ಲಿ ಬಡಿಯಬೇಕು. ಗಟ್ಟಿ ಹಡಗು ಹತ್ತಿತು, ಅದರ ಹದ ಹತ್ತಲಿಲ್ಲ.

ಎಲ್ಲ ಲೋಹಕ್ಕೂ ಒಂದೇ ಹದವಿಲ್ಲ ಎಂಬುದನ್ನು ಒಪ್ಪಿಸಲು ಹೊಸ ಹುಡುಗರಿಗೆ ನಾನು ತಾಮ್ರದ ತಂತಿ ಕೊಡುತ್ತಿದ್ದೆ. ಹತ್ತು ಸಲ ಬಗ್ಗಿಸಿದರೆ ಅದು ಪೆಡಸಾಗುತ್ತದೆ, ಆಮೇಲೆ ತುಂಡಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಹಂಬಿನಂತೆ ಮೆತ್ತಗಾಗುತ್ತದೆ, ಅಂದರೆ ಉಕ್ಕಿಗೆ ಆಗುವುದರ ಪೂರ್ತಿ ವಿರುದ್ಧ. ಕಂಚಿನದು ಇನ್ನೂ ವಿಚಿತ್ರ. ಶೇಕಡಾ 22ರಿಂದ 24ರಷ್ಟು ತವರ ಬೆರೆತ ಕಂಚು ನಿಧಾನವಾಗಿ ತಣಿದರೆ ಗಾಜಿನಷ್ಟು ಪೆಡಸು. ಕೆಂಪು ಕಾವಿನಿಂದ ನೀರಿಗದ್ದಿದರೆ ಮಾತ್ರ ಪೆಟ್ಟು ತಾಳುತ್ತದೆ. ನೀಲಗಿರಿಯ ಹಳೆಯ ಸಮಾಧಿಗಳ ತೆಳು ಬಟ್ಟಲುಗಳೂ ಕೇರಳದ ಕಂಚುಗಾರರ ತಾಳಗಳೂ ಈ ಬಗೆಯವೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ತಮ್ಮ ಸಂಶೋಧನೆಯಲ್ಲಿ ವಿವರಿಸಿದ್ದಾರೆ.

ಹಿತ್ತಾಳೆಯ ಕಥೆ ನಮ್ಮ ಮಳೆಗಾಲದ್ದೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಯ ತೋಟಾಗಳ ಹಿತ್ತಾಳೆ ಚಿಪ್ಪುಗಳು ಮಳೆಗಾಲ ಬಂದರೆ ತಾವಾಗಿಯೇ ಬಿರಿಯುತ್ತಿದ್ದವು. ಋತುವಿನ ಲೆಕ್ಕದಲ್ಲಿ ಬರುವ ಬಿರುಕಾದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರಾಯಿತು. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನಿಡುತ್ತಿದ್ದರು, ಕುದುರೆಯ ಮೂತ್ರದಿಂದ ಏಳುವ ಅಮೋನಿಯ ತೇವದೊಂದಿಗೆ ಸೇರಿ ಹಿತ್ತಾಳೆಯನ್ನು ಕೆಣಕುತ್ತಿತ್ತು. ಆದರೆ ಅಮೋನಿಯವೊಂದೇ ತಪ್ಪಿತಸ್ಥನಲ್ಲ. ತಣ್ಣಗಿರುವಾಗಲೇ ಎಳೆದು ಆಕಾರ ಕೊಟ್ಟ ಚಿಪ್ಪಿನೊಳಗೆ ಜಗ್ಗಾಟ ಹಾಗೆಯೇ ಉಳಿದಿರುತ್ತಿತ್ತು; ಅಮೋನಿಯ ಬಂದು ಅದಕ್ಕೆ ದಾರಿ ಮಾಡಿಕೊಡುತ್ತಿತ್ತು. 1921ರಲ್ಲಿ ಇದರ ಕಾರಣ ಪ್ರಕಟವಾಯಿತು, ಪರಿಹಾರವೂ ಸರಳವಾಗಿತ್ತು: ಚಿಪ್ಪುಗಳ ಗಡಸುತನ ಕೆಡದಷ್ಟು ಮಂದ ಕಾವಿನಲ್ಲಿ ಅವನ್ನು ಒಮ್ಮೆ ಇಟ್ಟು ತೆಗೆಯುವುದು.

ಈಗ ಆನೆಗೆ ಬರುತ್ತೇನೆ. ಗಾಜಿನಲ್ಲಿ ಇಂಗಾಲವಿಲ್ಲ, ಹರಳಿನ ಜೋಡಣೆಯೂ ಇಲ್ಲ, ಬದಲಾಗುವ ರಚನೆಯೂ ಇಲ್ಲ. ಆದರೂ ಹೊರಗು ಮೊದಲು, ಒಳಗು ಆಮೇಲೆ ಎಂಬ ತೊಡಕು ಅದೇ, ಫಲ ಮಾತ್ರ ತಿರುವುಮುರುವು. ಉಕ್ಕಿನ ಒಳಭಾಗ ತಡವಾಗಿ ಉಬ್ಬುತ್ತದೆ, ಗಾಜಿನ ಒಳಭಾಗ ತಡವಾಗಿ ಕುಗ್ಗುತ್ತದೆ. ಹೊರಮೈ ಗಟ್ಟಿಯಾದ ಮೇಲೆ ಒಳಗು ಕುಗ್ಗಲು ಹೊರಟರೆ, ಅದು ಹೊರಮೈಯನ್ನು ಒಳಕ್ಕೆ ಸೆಳೆದು ಒತ್ತಿ ಹಿಡಿಯುತ್ತದೆ, ತಾನು ಜಗ್ಗಿಕೊಂಡು ನಿಲ್ಲುತ್ತದೆ. ಒತ್ತಿ ಹಿಡಿದ ಹೊರಮೈಯಲ್ಲಿ ಬಿರುಕು ಬಾಯಿ ತೆರೆಯಲಾರದು, ಆದ್ದರಿಂದ ಅದು ಗಟ್ಟಿಯೇ. ಗೀರು ಆಳಕ್ಕಿಳಿದು ಜಗ್ಗಾಟದ ವಲಯ ಮುಟ್ಟಿತೋ, ಅಲ್ಲಿಗೆ ಮುಗಿಯಿತು.

ಕರಗಿದ ಗಾಜಿನ ಹನಿಯನ್ನು ನೀರಿಗೆ ಬೀಳಿಸಿದಾಗ ಸಿಗುವ, ಗೊದಮೊಟ್ಟೆಯ ಆಕಾರದ ‘ರೂಪರ್ಟ್ ಹನಿ’ ಇದರ ಪರಮಾವಧಿ. ರಾಜಕುಮಾರ ರೂಪರ್ಟ್ 1660ರಲ್ಲಿ ಇವನ್ನು ಇಂಗ್ಲೆಂಡಿಗೆ ತಂದು ದೊರೆ ಎರಡನೆಯ ಚಾರ್ಲ್ಸ್‌ಗೆ ಕೊಟ್ಟ, ಮರುವರ್ಷ ಅವು ರಾಯಲ್ ಸೊಸೈಟಿಯ ಪರೀಕ್ಷೆಗೆ ಹೋದವು. ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಜಗ್ಗದ ಹನಿ, ಬಾಲವನ್ನು ಚಿವುಟಿದರೆ ಇಡಿಯಾಗಿ ಪುಡಿಯಾಗುತ್ತದೆ. ಬಾಲದಲ್ಲಿ ಹುಟ್ಟಿದ ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ತಲೆಯತ್ತ ಓಡುತ್ತದೆ. ಕಾರಿನ ಪಕ್ಕದ ಕಿಟಕಿಗಳ ಟಫನ್ಡ್ ಗಾಜು ಇದನ್ನೇ ಪಳಗಿಸಿ ಮಾಡಿದ್ದು: 620 ಡಿಗ್ರಿಗೂ ಮೇಲೆ ಕಾಯಿಸಿದ ಹಾಳೆಯ ಎರಡೂ ಮೈಗೆ ಒಂದೇ ಸಮನೆ ತಣ್ಣನೆಯ ಗಾಳಿ ಊದಿ, ಒತ್ತಡವನ್ನು ಎಲ್ಲೆಡೆ ಸಮನಾಗಿ ಹಂಚುತ್ತಾರೆ. ಹಾಗೆ ಮಾಡಿದ ಮೇಲೆ ಅದನ್ನು ಕೊಯ್ಯುವಂತಿಲ್ಲ, ತೂತು ಕೊರೆಯುವಂತಿಲ್ಲ.

ಆನೆಯ ಮೇಲೆ ಯಾರೂ ಹಾಗೆ ಸಮನಾಗಿ ಗಾಳಿ ಊದಿರಲಿಲ್ಲ. ಗ್ಯಾಸಿನ ಉರಿಯಲ್ಲಿ ದಪ್ಪ ಹೊಟ್ಟೆ ಮಾಡಿ, ಅದಕ್ಕೆ ಸಪೂರ ಸೊಂಡಿಲು ಅಂಟಿಸಿ, ಜಾತ್ರೆಯ ಮೇಜಿನ ಮೇಲೆ ಗಾಳಿಗಿಟ್ಟರೆ ಸೊಂಡಿಲು ಕ್ಷಣದಲ್ಲಿ ಆರುತ್ತದೆ, ಹೊಟ್ಟೆ ನಿಮಿಷಗಟ್ಟಲೆ ಬಿಸಿಯಾಗಿರುತ್ತದೆ, ಜಗ್ಗಾಟವೆಲ್ಲ ಎರಡೂ ಸೇರುವ ಕೊರಳಿನಲ್ಲಿ ಕೂಡುತ್ತದೆ. ಅಲ್ಲೊಂದು ಕಣ್ಣಿಗೆ ಕಾಣದ ಗೀರಿದ್ದರೆ ಗಾಳಿಯ ತೇವ ಅದರ ತುದಿಯಲ್ಲಿ ಗಾಜಿನ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಬಿರುಕು ದಿನಕ್ಕಿಷ್ಟು ಎಂದು ತೆವಳುತ್ತದೆ. ಮೂರು ವಾರ ಹಿಡಿದದ್ದು ಅದಕ್ಕೆ. ಇದಕ್ಕೆ ಮದ್ದು ಅನೀಲಿಂಗ್: ಸಾಮಾನ್ಯ ಸೋಡಾ ಗಾಜಾದರೆ 550 ಡಿಗ್ರಿಯ ಹತ್ತಿರ, ಒಳಗೂ ಹೊರಗೂ ಒಂದೇ ಕಾವಾಗುವವರೆಗೆ ಇಟ್ಟು, ಆ ಸಮತೆ ಕೆಡದಷ್ಟು ನಿಧಾನವಾಗಿ ಇಳಿಸುವುದು. ಮಣಿಗೆ ಕೆಲವು ಗಂಟೆ ಸಾಕು. ದಪ್ಪ ಹೆಚ್ಚಿದಂತೆ ಕಾಲ ವಿಪರೀತ ಹೆಚ್ಚುತ್ತದೆ. ಅಮೆರಿಕದ ಪಲೋಮಾರ್ ದೂರದರ್ಶಕದ 200 ಇಂಚಿನ ಕನ್ನಡಿಗೆಂದು 1934ರ ಡಿಸೆಂಬರಿನಲ್ಲಿ ಕಾರ್ನಿಂಗ್‌ನಲ್ಲಿ ಎರಕ ಹೊಯ್ದ ಗಾಜನ್ನು ತಣಿಸಲು ಸುಮಾರು ಹತ್ತು ತಿಂಗಳು ತೆಗೆದುಕೊಂಡರು. ಜಾತ್ರೆಯ ಕಲಾವಿದ ಐವತ್ತು ರೂಪಾಯಿಯ ಆನೆಗೆ ಒಲೆ ಕಾಯಿಸಿಕೊಂಡು ಕೂರಬೇಕೆಂದು ನಾನು ಹೇಳಲಾರೆ.

ಉಕ್ಕಿನೊಳಗಿನ ಜಗ್ಗಾಟ ಬರಿಗಣ್ಣಿಗೆ ಕಾಣದು, ಗಾಜಿನದು ಮನೆಯಲ್ಲೇ ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಮಗನ ಪೋಲರಾಯ್ಡ್ ತಂಪುಕನ್ನಡಕದ ಮೂಲಕ ನೋಡುತ್ತ, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿದೆ. ಎರಡರ ನಡುವೆ ಉಳಿದ ಆನೆಯನ್ನು ಹಿಡಿದಾಗ, ಕಾಲುಗಳೂ ಬಾಲವೂ ಕಪ್ಪಿನಲ್ಲಿ ಕರಗಿಹೋದವು, ಸೊಂಡಿಲಿನ ಬುಡ ಮಾತ್ರ ಬೆಳ್ಳಗೆ ಹೊಳೆಯಿತು. ಹೊಳಪಿನ ನಡುವೆ ತೆಳುವಾದ ಹಳದಿ ಪಟ್ಟೆಯೂ ಇತ್ತು. ಜಗ್ಗಿದ ಗಾಜು ತನ್ನ ಮೂಲಕ ಹೋಗುವ ಬೆಳಕಿನ ಕಂಪನದ ದಿಕ್ಕನ್ನು ಮಾರ್ಪಡಿಸುವುದರಿಂದ, ಕನ್ನಡಕ ತಡೆಯಬೇಕಾದ ಬೆಳಕು ಅಲ್ಲಿ ನುಸುಳಿ ಬರುತ್ತದೆ. ಜೊತೆಯ ಆನೆ ಮುರಿದದ್ದೂ ಸರಿಯಾಗಿ ಅಲ್ಲಿಯೇ.

ಪ್ರಯೋಗಾಲಯದ ಗಾಜಿನ ಉಪಕರಣಗಳನ್ನು ಮಾಡುವ ಗೆಳೆಯರೊಬ್ಬರ ಹತ್ತಿರ ಅದನ್ನು ಒಯ್ದೆ. ಏರಿಸುವಾಗಲೇ ಸಿಡಿಯಬಹುದೆಂದು ಎಚ್ಚರಿಸಿ, ತಣ್ಣನೆಯ ಒಲೆಯಲ್ಲಿಟ್ಟು ಮೂರು ಗಂಟೆಯಲ್ಲಿ ಕಾವು ಏರಿಸಿ, ರಾತ್ರಿಯಿಡೀ ಇಳಿಯಲು ಬಿಟ್ಟರು. ಮರುದಿನ ಸಂಜೆ ಮತ್ತೆ ಪರದೆಯ ಮುಂದೆ ಹಿಡಿದಾಗ ಸೊಂಡಿಲಿನ ಬುಡ ಕತ್ತಲಾಗಿತ್ತು, ಆನೆಯೇ ಇಲ್ಲವೆಂಬಷ್ಟು ಕತ್ತಲು. ಕಣ್ಣುಗಳ ಸುತ್ತ ಮಾತ್ರ ಎರಡು ಸಣ್ಣ ಬೆಳ್ಳನೆಯ ಉಂಗುರಗಳು ಉಳಿದಿದ್ದವು. ಕಣ್ಣಿಗೆ ಇಟ್ಟ ಕಪ್ಪು ಚುಕ್ಕೆ ಬೇರೆ ಗಾಜಿನದು, ಅದು ಕುಗ್ಗುವ ಪ್ರಮಾಣವೇ ಬೇರೆ. ಎಷ್ಟು ನಿಧಾನವಾಗಿ ತಣಿಸಿದರೂ ಆ ಜಗ್ಗಾಟ ಹೋಗುವುದಿಲ್ಲ ಎಂದರು ಗೆಳೆಯರು. ಆನೆಯನ್ನು ಮತ್ತೆ ಗೂಡಿನಲ್ಲೇ ಇಟ್ಟಿದ್ದೇನೆ, ಈ ಸಲ ಮೊಮ್ಮಗಳ ಕೈಗೆ ಎಟುಕದ ಮೇಲಿನ ಹಲಗೆಯಲ್ಲಿ.